ತಿರುಗುವ ಎಲ್‌ಇಡಿಯಲ್ಲಿ ಒತ್ತಕ್ಷರಕ್ಕೂ ಜಾಗ ಬೇಕು

ಸಂಪಾದಕರೇ,

ಗಿರಗಿರನೆ ತಿರುಗುತ್ತ ಗಾಳಿಯಲ್ಲಿ ಅಕ್ಷರ ಮೂಡಿಸುವ ಎಲ್‌ಇಡಿ ಫಲಕ ವಿಜ್ಞಾನ ಮೇಳಗಳಲ್ಲಿ ಮಕ್ಕಳ ಮೆಚ್ಚಿನ ಮಾದರಿ. ಸುರ್‌ಸುರ್ ಬತ್ತಿ ತಿರುಗಿಸಿದಾಗ ಬೆಂಕಿಯ ಬಳೆ ಕಾಣುವುದೂ ಇದೇ ಕಾರಣಕ್ಕೆ: ಕಂಡ ಬೆಳಕು ಕಣ್ಣಿನಲ್ಲಿ ಕ್ಷಣಕಾಲ ಉಳಿಯುತ್ತದೆ. ಹಿಂದಿನವರು ಇದನ್ನು ಅಲಾತಚಕ್ರ ಎಂದರು. ಆದರೆ ಸುಲಭವಾಗಿ ಸಿಗುವ ನಕ್ಷೆಗಳಲ್ಲಿ ಎಂಟೇ ಎಲ್‌ಇಡಿ. ಇಂಗ್ಲಿಷಿಗೆ ಏಳು ಸಾಲು ಸಾಕು. ಕನ್ನಡದಲ್ಲಿ ‘ಅಮ್ಮ’ ಎಂದು ಬರೆದರೂ ಒತ್ತು ಉಳಿಯುವುದಿಲ್ಲ. ನಮಗೆ 16 ಬೇಕು: 11 ಸಾಲು ಅಕ್ಷರಕ್ಕೆ, ಕೆಳಗಿನ 5 ಒತ್ತಿಗೆ.

3 ಮಿ.ಮೀ. ಕೆಂಪು ಎಲ್‌ಇಡಿಗಳನ್ನು ಸಾಲು ತೂತುಗಳ ಡಾಟ್ ಬೋರ್ಡಿನಲ್ಲಿ ಒಂದು ತೂತು ಬಿಟ್ಟು ಒಂದರಂತೆ ಕೂರಿಸಿದರೆ ಸಾಲು ಸುಮಾರು 7.6 ಸೆಂ.ಮೀ. ಆಗುತ್ತದೆ. ಒತ್ತು ಬರುವುದು ಒಳಗಿನ ತುದಿಯಲ್ಲಿ. ಆ ತುದಿ ಅಕ್ಷದಿಂದ 4 ಸೆಂ.ಮೀ. ಆದರೂ ದೂರವಿರಲಿ, ಇಲ್ಲದಿದ್ದರೆ ಒತ್ತುಗಳು ಹಿಂಡಿಹೋಗುತ್ತವೆ. ಇದನ್ನು ನಡೆಸುವ ಪುಟ್ಟ ಆರ್ಡುಯಿನೊ ನ್ಯಾನೊ ಬೋರ್ಡಿಗೆ, ತಲಾ ಎಂಟು ಎಲ್‌ಇಡಿ ಉರಿಸುವ ಎರಡು 74ಎಚ್‌ಸಿ595 ಚಿಪ್, ಪ್ರತಿ ಎಲ್‌ಇಡಿಗೆ 470 ಓಮ್ ರೋಧಕ. 330 ಹಾಕಿದರೆ ಎಂಟೂ ಉರಿದಾಗ ಚಿಪ್ಪಿನ 70 ಮಿಲಿಆಂಪಿಯರ್ ಮಿತಿ ಮುಟ್ಟುತ್ತದೆ.

ಬಣ್ಣದ ಡಬ್ಲ್ಯುಎಸ್2812ಬಿ ಪಟ್ಟಿಯ ಆಸೆ ಬೇಡ. ನಿಮಿಷಕ್ಕೆ 1500 ಸುತ್ತು ಎಂದರೆ ಒಂದು ಸುತ್ತಿಗೆ 40 ಮಿಲಿಸೆಕೆಂಡು. ಅದನ್ನು 180 ಕಂಬಗಳಾಗಿ (ಎಲ್‌ಇಡಿ ಸಾಲು ಒಮ್ಮೆಗೆ ಮೂಡಿಸುವ ಗೆರೆ ಒಂದು ಕಂಬ) ಹಂಚಿದರೆ ಕಂಬವೊಂದಕ್ಕೆ 222 ಮೈಕ್ರೊಸೆಕೆಂಡು. ಆ ಪಟ್ಟಿಯ 16 ಎಲ್‌ಇಡಿಗೆ ಮಾಹಿತಿ ಕಳಿಸಲಿಕ್ಕೇ 480 ಬೇಕು!

ಕಂಬದ ಅವಧಿಯನ್ನು ಪ್ರೋಗ್ರಾಮಿನಲ್ಲಿ ಸ್ಥಿರ ಸಂಖ್ಯೆಯಾಗಿ ಬರೆದರೆ ಮೋಟಾರಿನ ವೇಗ ಚೂರು ಬದಲಾದರೂ ಅಕ್ಷರಗಳು ಹಿಗ್ಗಿ ಕುಗ್ಗುತ್ತವೆ. ಸುತ್ತಿಗೊಮ್ಮೆ ಆಯಸ್ಕಾಂತದ ಎದುರು ಹಾದಾಗ ಸಂಕೇತ ಕೊಡುವ ಹಾಲ್ ಸಂವೇದಕದ ಎರಡು ಸಂಕೇತಗಳ ನಡುವಿನ ಕಾಲವನ್ನು ಪ್ರತಿ ಸುತ್ತೂ ಅಳೆದು 180ರಿಂದ ಭಾಗಿಸಬೇಕು. ಎ3144 ಎಂಬ ಹಾಲ್ ಸಂವೇದಕಕ್ಕೆ ಪುಲ್‌ಅಪ್ (ಸಂಕೇತದ ತಂತಿಯನ್ನು 5 ವೋಲ್ಟಿಗೆ ಜೋಡಿಸುವ ರೋಧಕ) ಬೇಕು, 10 ಕಿಲೋಓಮ್ ಸಾಕು; ಆಯಸ್ಕಾಂತದ ದಕ್ಷಿಣ ಧ್ರುವ ಅದರ ಹೆಸರು ಅಚ್ಚಾಗಿರುವ ಮುಖಕ್ಕೆ ಬರಬೇಕು. ಸಂವೇದಕಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ಲಿಥಿಯಂ ಕೋಶದ 3.7 ವೋಲ್ಟನ್ನು ನೇರ ಕೊಟ್ಟು ‘ಸೆನ್ಸರ್ ಸತ್ತಿದೆ’ ಎನ್ನುವವರೇ ಹೆಚ್ಚು. 5 ವೋಲ್ಟಿಗೆ ಏರಿಸುವ ಬೂಸ್ಟ್ ಮಾಡ್ಯೂಲ್ ನಡುವೆ ಇರಲಿ. ಬರಹ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದರೆ ಡಿಸಿ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿದರಾಯಿತು.

ಬ್ಯಾಟರಿ ಅಕ್ಷದ ಮೇಲೆಯೇ ಕೂರಬೇಕು. ಈ ವೇಗದಲ್ಲಿ ಎಲ್‌ಇಡಿ ಹೊತ್ತ ತೋಳಿನ ತುದಿಯ 1 ಗ್ರಾಂ ನಟ್ಟು ಸುಮಾರು 290 ಗ್ರಾಂ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಹಾಟ್ ಗ್ಲೂ ನಂಬಬೇಡಿ. ಸ್ಕ್ರೂ ಹಾಕಿ, ಜಿಪ್ ಟೈ ಬಿಗಿಯಿರಿ. ತೋಳನ್ನು ಅಡ್ಡ ಸರಳಿನ ಮೇಲೆ ಸಡಿಲವಾಗಿ ತೂಗಿಬಿಟ್ಟು, ಯಾವ ಬದಿಯೂ ಕೆಳಗಿಳಿಯದಷ್ಟು ಎದುರುತೂಕ ಕೊಡಿ. ಮುಂದೆ ಪಾಲಿಕಾರ್ಬೊನೇಟ್ ಹಾಳೆ ಇಲ್ಲದೆ ಮೇಳದ ಮೇಜಿಗೆ ಇದನ್ನು ತರಲೇಬಾರದು.

ಇನ್ನು ಅಕ್ಷರಗಳು. 2 ಕಿಲೋಬೈಟ್ ರ್‍ಯಾಮಿನ ನ್ಯಾನೊಗೆ ಯುನಿಕೋಡಿನಿಂದ (ಕಂಪ್ಯೂಟರಿನ ಅಕ್ಷರ ಸಂಕೇತಗಳಿಂದ) ಒತ್ತು ಜೋಡಿಸುವ ಕೆಲಸ ಹೊರಿಸಬಾರದು. ಪ್ರತಿ ಅಕ್ಷರವನ್ನೂ 16×16 ಚೌಕದಲ್ಲಿ ಬರೆದಿಟ್ಟರೆ 32 ಬೈಟ್. ನೂರು ಅಕ್ಷರ 3200 ಬೈಟಿನಲ್ಲಿ ಫ್ಲಾಶ್ ಮೆಮೊರಿಗೆ ಇಳಿಯುತ್ತವೆ. ‘ರಾಷ್ಟ್ರ’ದಂಥ ಜೋಡಿ ಒತ್ತಿಗೆ 24 ಕಂಬ ಬೇಕಾದೀತು. ಫಾಂಟನ್ನು ಯಂತ್ರದಿಂದ ಕುಗ್ಗಿಸಿದರೆ ಈ ಗಾತ್ರದಲ್ಲಿ ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸ ತಿಳಿಯದು, ಗ್ರಾಫ್ ಹಾಳೆಯಲ್ಲಿ ಕೈಯಿಂದಲೇ ತಿದ್ದಬೇಕು. ಆ ಕೆಲಸವನ್ನು ಪ್ರತಿ ಶಾಲೆಯೂ ಹೊಸದಾಗಿ ಮಾಡುವುದೇಕೆ? ನಿಮ್ಮ ವಿದ್ಯಾರ್ಥಿ ಪುಟದಲ್ಲಿ ವಾರಕ್ಕೆ ನಾಲ್ಕು ಅಕ್ಷರಗಳ ಚೌಕ ಅಚ್ಚು ಹಾಕಿ, ಒತ್ತಿರುವವು ಮೊದಲು ಬರಲಿ.

– ಎಲೆಕ್ಟ್ರಾನಿಕ್ಸ್ ಹವ್ಯಾಸಿ, ಮೈಸೂರು