ಬ್ಲಾಗಿಗೆ ಓದುಗರು ಬರುವುದು ಮುಂದಿನ ಮಳೆಗಾಲಕ್ಕೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬ್ಲಾಗು ಬರೆದು ಮನೆಯಲ್ಲೇ ಗಳಿಸುವ ಬಗ್ಗೆ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಹೊಸಬರು ಕನ್ನಡದಲ್ಲಿ ಬರೆಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಗಳಿಕೆಯ ಆಸೆ ತೋರಿಸಿ ಕೂರಿಸಿದವರು ಮೂರನೇ ತಿಂಗಳಿಗೆ ಎದ್ದು ಹೋಗುತ್ತಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಹಾಗೆ ಮೊದಲ ವಾರ ದಿನಕ್ಕೊಂದು ಬರಹ, ಎರಡನೇ ತಿಂಗಳು ‘ಕೆಲಸದ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ, ಕ್ಷಮಿಸಿ’ ಎಂಬ ನಾಲ್ಕು ಸಾಲು, ಆಮೇಲೆ ಏನೂ ಇಲ್ಲ. ಎಷ್ಟೋ ಕನ್ನಡ ಬ್ಲಾಗುಗಳ ಕೊನೆಯ ಬರಹ ಈ ಕ್ಷಮಾಪಣೆಯೇ.

ದುಡ್ಡಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್ ಖಾತೆಯಲ್ಲಿ 100 ಡಾಲರ್ ತುಂಬುವವರೆಗೆ ಬ್ಯಾಂಕಿಗೆ ಒಂದು ರೂಪಾಯಿಯೂ ಬರುವುದಿಲ್ಲ. 10 ಡಾಲರ್ ಮುಟ್ಟಿದಾಗ ವಿಳಾಸದ ಖಾತರಿಗೆಂದು ಅಂಚೆಯಲ್ಲಿ ಒಂದು ಪಿನ್ (ಗುಪ್ತ ಸಂಖ್ಯೆ) ಕಳಿಸುತ್ತಾರೆ. ನಾಲ್ಕು ತಿಂಗಳೊಳಗೆ ಅದನ್ನು ತುಂಬದಿದ್ದರೆ ಜಾಹೀರಾತೇ ನಿಲ್ಲುತ್ತದೆ. ಹಳ್ಳಿಯ ವಿಳಾಸವನ್ನು ಅರ್ಧಂಬರ್ಧ ಕೊಟ್ಟವರು ಸಿಕ್ಕಿಬೀಳುವುದು ಇಲ್ಲಿ. ಸಾವಿರ ಓದಿಗೆ 30 ರೂಪಾಯಿ ಸಿಗುತ್ತದೆ, 100 ಡಾಲರ್ ಎಂದರೆ 8,500 ರೂಪಾಯಿ ಎಂದು ಇಟ್ಟುಕೊಂಡರೂ ಮೊದಲ ಕಂತು ಕೈಗೆ ಬರಲು 2.83 ಲಕ್ಷ ಓದು ಬೇಕು. ದಿನಕ್ಕೆ 50 ಓದು ಸಿಗುವ ಬ್ಲಾಗಿಗೆ ಅದು 15 ವರ್ಷದ ದಾರಿ. ಬ್ಲಾಗಿಗೆ ಸ್ವಂತ ಹೆಸರಿನ ಜಾಲವಿಳಾಸ (ಡೊಮೈನ್) ಕೊಂಡರೆ ಅದರ ವಾರ್ಷಿಕ ನವೀಕರಣದ ಖರ್ಚು ಬೇರೆ. ಮೊದಲ ವರ್ಷದ ರಿಯಾಯಿತಿ ನೋಡಿ ಕೊಂಡವರು ಎರಡನೇ ವರ್ಷದ ದರ ನೋಡಿ ಕೈಬಿಡುತ್ತಾರೆ. ಆಗ ಹಳೆಯ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ಮೊದಲ ವರ್ಷಕ್ಕೆ ಗೂಗಲ್‌ನ ಬ್ಲಾಗರ್ ತಾಣದಲ್ಲಿ ಪುಕ್ಕಟೆ ಸಿಗುವ ಬ್ಲಾಗ್‌ಸ್ಪಾಟ್ ವಿಳಾಸವೇ ಸಾಕು.

ಹಾಗಾದರೆ ಏನನ್ನು ನಿರೀಕ್ಷಿಸಬಹುದು? ಬರಹ ಹಾಕಿದ ದಿನ ಓದುವವರು ಹೆಚ್ಚಾಗಿ ವಾಟ್ಸಾಪ್ ಗುಂಪಿನ ನೆಂಟರಿಷ್ಟರು. ಅವರಲ್ಲೂ ಅರ್ಧ ಜನ ಓದದೆಯೇ ಹೆಬ್ಬೆರಳು ಎತ್ತಿದವರು. ನಿಜವಾಗಿ ಬೇಕಾಗಿ ಓದುವವರು ಹುಡುಕಿಕೊಂಡು ಬರುತ್ತಾರೆ, ಅದೂ ತಿಂಗಳುಗಳ ನಂತರ. ‘ಮಲೆನಾಡಿನ ಮಳೆ ಮತ್ತು ನೆನಪು’ ಎಂಬ ಶೀರ್ಷಿಕೆಯನ್ನು ಯಾರೂ ಹುಡುಕುವುದಿಲ್ಲ. ‘ಅಡಿಕೆ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಮಾಡುವ ಕ್ರಮ’ ಎಂದು ಬರೆದಿಟ್ಟರೆ ಮುಂಗಾರಿನ ಹೊಸ್ತಿಲಲ್ಲಿ, ಪ್ರತಿ ವರ್ಷ, ಯಾರಾದರೂ ಬಂದೇ ಬರುತ್ತಾರೆ. ಆದರೆ ಒಳಗೆ ಸರಕು ಇರಬೇಕು: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ತಿರುಗಾಮುರುಗಾ ಅಲ್ಲ. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು. ಇಷ್ಟನ್ನು ಬಿಟ್ಟು ಕೃಷಿಯ ಮಹತ್ವದ ಬಗ್ಗೆ ಮೂರು ಪ್ಯಾರಾ ಬರೆದರೆ ತೋಟದಲ್ಲಿ ಡ್ರಮ್ಮಿನ ಪಕ್ಕ ಫೋನ್ ಹಿಡಿದು ನಿಂತವರಿಗೆ ಏನು ಉಪಯೋಗ?

ಹುಡುಕಿದರೂ ಸಿಗದಂತೆ ಬರೆಯುವುದು ಕನ್ನಡ ಬ್ಲಾಗುಗಳ ಒಂದು ಕಾಯಿಲೆ. ‘ಬಂದ’ ಮತ್ತು ‘ಬ೦ದ’ ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ಅನುಸ್ವಾರದ ಕೀಲಿ ಗೊತ್ತಿಲ್ಲದೆ ದುಂಡಗಿದ್ದದ್ದನ್ನು ಒತ್ತಿದ ಫಲ ಇದು. ಕಂಪ್ಯೂಟರಿಗೆ ಇವು ಬೇರೆ ಬೇರೆ ಅಕ್ಷರಗಳಾದ್ದರಿಂದ ಸರಿಯಾಗಿ ಟೈಪಿಸಿ ಹುಡುಕುವವರಿಗೆ ನಿಮ್ಮ ಬರಹ ಸಿಗದೆ ಹೋಗಬಹುದು. ಕಗಪ ಕೀಲಿಮಣೆ ವಿನ್ಯಾಸದಲ್ಲಿ ಅನುಸ್ವಾರ ಬರುವುದು ಶಿಫ್ಟ್ ಜೊತೆ ಎಮ್ ಒತ್ತಿದಾಗ. ಪರೀಕ್ಷೆ ಸುಲಭ: ನಿಮ್ಮ ಪುಟ ತೆರೆದು ಕಂಟ್ರೋಲ್-ಎಫ್ ಒತ್ತಿ, ಕಣ್ಣೆದುರೇ ಇರುವ ಒಂದು ಅನುಸ್ವಾರದ ಪದವನ್ನು ಸರಿಯಾದ ಕೀಲಿಯಿಂದ ಟೈಪಿಸಿ. ಸಿಗಲಿಲ್ಲವೆಂದರೆ ಸೊನ್ನೆಯನ್ನೆಲ್ಲ ಒಟ್ಟಿಗೆ ಅನುಸ್ವಾರಕ್ಕೆ ಬದಲಿಸಬಹುದು. ಅದಕ್ಕೆ ಮುಂಚೆ ಬರಹದಲ್ಲಿ ಕನ್ನಡ ಅಂಕಿಗಳಿವೆಯೇ ನೋಡಿಕೊಳ್ಳಿ. ನೋಡದೆ ಬದಲಿಸಿದರೆ ೨೦ ಎಂಬುದು ‘೨ಂ’ ಆಗಿ ಕೂರುತ್ತದೆ.

‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಕಡತಗಳನ್ನು ಹಾಗೇ ತಂದು ಅಂಟಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಪದ್ಧತಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಂದೊಂದಾಗಿ ನೋಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ಆದ್ದರಿಂದ ತಪ್ಪು ನುಸುಳುವುದು ಅಲ್ಲೇ.

ಇನ್ನು ಪುಟದ ವಿಳಾಸ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟು ಸುಮ್ಮನೆ ಪ್ರಕಟಿಸಿದರೆ ವಿಳಾಸದಲ್ಲಿ ಬರುವುದು ‘ಬ್ಲಾಗ್ ಪೋಸ್ಟ್’ ಎಂಬ ಎರಡು ಇಂಗ್ಲಿಷ್ ಪದ, ಮುಂದಿನ ಬರಹಕ್ಕೆ ಅದೇ ಪದ, ಜೊತೆಗೊಂದು ಸಂಖ್ಯೆ. ಪ್ರಕಟಿಸುವ ಮೊದಲೇ ಬಲಗಡೆಯ ‘ಪರ್ಮಾಲಿಂಕ್’ ಜಾಗದಲ್ಲಿ ವಿಷಯದ ಮೂರ್ನಾಲ್ಕು ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ, ನಡುವೆ ಅಡ್ಡಗೆರೆ ಹಾಕಿ ಬರೆಯಿರಿ. ಪ್ರಕಟಿಸಿದ ಮೇಲೆ ಬದಲಿಸಬೇಕೆಂದರೆ ಬರಹವನ್ನು ಮತ್ತೆ ಕರಡಿಗೆ ಇಳಿಸಬೇಕು, ಅಷ್ಟರಲ್ಲಿ ಹಂಚಿದ ಕೊಂಡಿಗಳು ಮುರಿದಿರುತ್ತವೆ. ಬ್ಲಾಗಿನ ಇನ್ನೊಂದು ವ್ಯವಸ್ಥೆಯಾದ ವರ್ಡ್‌ಪ್ರೆಸ್‌ನಲ್ಲಿ ಕನ್ನಡವೇ ವಿಳಾಸದೊಳಗೆ ಹೋಗುತ್ತದೆ, ಆದರೆ ಪ್ರತಿ ಅಕ್ಷರ, ಸ್ವರಚಿಹ್ನೆ ಶೇಕಡಾ ಚಿಹ್ನೆಗಳ ಸಮೇತ 9 ಜಾಗ ತಿನ್ನುತ್ತದೆ (‘ಅ’ ಎಂಬುದು %E0%B2%85 ಆಗುತ್ತದೆ). ‘ಅಡಿಕೆ’ ಒಂದಕ್ಕೇ 45. ಈ ಜಾಗದ ಮಿತಿ 200 ಆದ್ದರಿಂದ ಉದ್ದ ಶೀರ್ಷಿಕೆ ನಡುವೆಯೇ ಕಡಿದುಹೋಗುತ್ತದೆ. ವಾಟ್ಸಾಪಿನಲ್ಲಿ ಇರುವೆ ಸಾಲಿನಂಥ ಕೊಂಡಿಗಳು ಬರುವುದು ಹೀಗೆ.

ಬರೆಯುವ ರೂಢಿಯ ವಿಷಯಕ್ಕೆ ಬಂದರೆ, ಬ್ಲಾಗು ತೆರೆಯುವ ಮೊದಲು ಐದು ಬರಹ ಪೂರ್ತಿ ಮುಗಿಸಿ ಕೈಯಲ್ಲಿಟ್ಟುಕೊಳ್ಳಿ. ಐದು ಆಗಲಿಲ್ಲವೆಂದರೆ ಬ್ಲಾಗು ಬೇಡ, ಅದು ನಷ್ಟವೇನಲ್ಲ. ಹದಿನೈದು ದಿನಕ್ಕೊಂದು, 500ರಿಂದ 700 ಪದ, ವಾರ ನಿಗದಿಯಾಗಿರಲಿ. ವರ್ಷಕ್ಕೆ 26 ಬರಹ ಎಂದರೆ ಸಣ್ಣ ಸಂಗ್ರಹವಲ್ಲ. ಒಂದು ದಿನ ಟಿಪ್ಪಣಿ, ಇನ್ನೊಂದು ದಿನ ಬರವಣಿಗೆ, ಒಂದು ರಾತ್ರಿ ಕಳೆದ ಮೇಲೆ ಗಟ್ಟಿಯಾಗಿ ಓದಿ ತಿದ್ದುವುದು. ಬರೆದ ಬಿಸಿಯಲ್ಲೇ ಪ್ರಕಟಿಸಿದವರಿಗೆ ತಮ್ಮ ಅಕಾರ ಹಕಾರದ ತಪ್ಪು ಕಾಣುವುದಿಲ್ಲ. ಕೈಯಲ್ಲಿ ಯಾವಾಗಲೂ ಎರಡು ಬರಹ ದಾಸ್ತಾನಿದ್ದರೆ ಜ್ವರ, ಮದುವೆ, ಪರೀಕ್ಷೆಯ ವಾರಗಳು ದಾಟುತ್ತವೆ.

ಅಂಕಿ-ಅಂಶದ ಪುಟವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ನಿಮ್ಮದೇ ಭೇಟಿಗಳನ್ನು ಎಣಿಸದಂತೆ ಮೊದಲ ದಿನವೇ ಆಯ್ಕೆ ಮಾಡಿ, ಇಲ್ಲವಾದರೆ ಹತ್ತು ಓದಿನಲ್ಲಿ ಎಂಟು ನಿಮ್ಮವೇ. ಸಂಬಂಧವೇ ಇಲ್ಲದ ದೇಶದಿಂದ ಒಂದೇ ರಾತ್ರಿ ಮುನ್ನೂರು ಓದು ಬಂದರೆ ಸಿಹಿ ಹಂಚಬೇಡಿ, ಅದು ಬಹುಮಟ್ಟಿಗೆ ಯಂತ್ರಗಳ ಓಡಾಟ. ಅದಕ್ಕಿಂತ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗನ್ನು ನೋಂದಾಯಿಸಿ. ಜನ ಯಾವ ಪದ ಟೈಪಿಸಿ ನಿಮ್ಮಲ್ಲಿಗೆ ಬಂದರು ಎಂಬುದು ಅಲ್ಲಿ ಸಿಗುತ್ತದೆ. ಮುಂದಿನ ಬರಹದ ವಿಷಯ ಎಷ್ಟೋ ಸಲ ಅಲ್ಲೇ ಇರುತ್ತದೆ.

ಕವಿತೆಗಳನ್ನು ಇಡಿಯಾಗಿ ಹಾಕಿ ‘ಕೃಪೆ: ಅಂತರ್ಜಾಲ’ ಎಂದು ಬರೆದರೆ ಹಕ್ಕು ಬರುವುದಿಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ 2041ರ ಕೊನೆಯವರೆಗೆ. ಪಂಜೆ ಮಂಗೇಶರಾಯರು (1937), ಬಿ.ಎಂ.ಶ್ರೀ (1946) ಬದುಕಿದ್ದಾಗ ಪ್ರಕಟಿಸಿದ್ದನ್ನು ಧಾರಾಳವಾಗಿ ಬಳಸಬಹುದು. ವಿಮರ್ಶೆಗೆಂದು ಕೆಲವು ಸಾಲು ಎತ್ತಿಕೊಳ್ಳಲು ಯಾರದ್ದಾದರೂ ಅಡ್ಡಿಯಿಲ್ಲ.

ಪ್ರತಿ ತಿಂಗಳ ಒಂದನೇ ತಾರೀಕು ಬ್ಯಾಕಪ್ ಇಳಿಸಿಕೊಳ್ಳಿ. ಬ್ಲಾಗರ್ ಕೊಡುವ ಬರಹದ ಕಡತದಲ್ಲಿ ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ. ಮೂಲ ಫೋಟೋಗಳನ್ನು ಬೇರೆ ಇಟ್ಟುಕೊಳ್ಳಬೇಕು. 2019ರಲ್ಲಿ ಗೂಗಲ್ ಪ್ಲಸ್ ಎಂಬ ಸಾಮಾಜಿಕ ಜಾಲತಾಣ ಮುಚ್ಚಿದಾಗ ಅದರ ಮೂಲಕ ಬ್ಲಾಗುಗಳಿಗೆ ಬಂದಿದ್ದ ಪ್ರತಿಕ್ರಿಯೆಗಳು ಅಳಿಸಿಹೋದವು. 2021ರಲ್ಲಿ ಹೊಸ ಬರಹವನ್ನು ಇಮೇಲಿಗೆ ಕಳಿಸುತ್ತಿದ್ದ ಸೌಲಭ್ಯವೂ ನಿಂತಿತು. ಚಂದಾದಾರರ ಪಟ್ಟಿಯನ್ನು ಇಳಿಸಿಟ್ಟುಕೊಳ್ಳದವರಿಗೆ ತಮ್ಮ ಓದುಗರು ಯಾರೆಂದೇ ಗೊತ್ತಾಗದೆ ಹೋಯಿತು.

ಪುರವಣಿಯಲ್ಲಿ ಈ ವಿಷಯ ಮತ್ತೆ ಬಂದರೆ ಗಳಿಕೆಯ ಚಿತ್ರದ ಜಾಗದಲ್ಲಿ ಅನುಸ್ವಾರದ ಕೀಲಿ ಎಲ್ಲಿದೆ ಎಂಬ ಚಿತ್ರ ಹಾಕಿ. ಸೊನ್ನೆ ಮತ್ತು ಅನುಸ್ವಾರವನ್ನು ಪಕ್ಕಪಕ್ಕ ಅಚ್ಚು ಮಾಡಿ ತೋರಿಸಲು ಹೋಗಬೇಡಿ, ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ