ಶಾಸಕರೇ, ಮಕ್ಕಳು ಹಾಕಿದ ಮತ ಎಣಿಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ವಿಜಯಪುರ ಜಿಲ್ಲೆಯ ನಿಮ್ಮ ಕ್ಷೇತ್ರದಲ್ಲೇ ಫ್ಲೆಕ್ಸ್ ಮತ್ತು ಸ್ಮರಣಿಕೆ ಮಾಡಿಕೊಡುವ ಸಣ್ಣ ಅಂಗಡಿ ಇಟ್ಟುಕೊಂಡವನು ನಾನು. ನಿಮ್ಮ ಹುಟ್ಟುಹಬ್ಬದ ಬ್ಯಾನರ್‌ಗಳು ನನ್ನ ಮಷಿನ್‌ನಲ್ಲೇ ಹೊರಬಂದಿವೆ. ಹಾಗಾಗಿ ನಿಮ್ಮ ಮುಖ ನನಗೆ ಚೆನ್ನಾಗಿ ಗೊತ್ತು, ನನ್ನದು ನಿಮಗೆ ಗೊತ್ತಿರಲಿಕ್ಕಿಲ್ಲ.

ನೀವು ಗೌರವಾಧ್ಯಕ್ಷರಾಗಿರುವ ಮಕ್ಕಳ ಪುಸ್ತಕ ಪ್ರಶಸ್ತಿಯ ವಿಷಯಕ್ಕೆ ಬರೆಯುತ್ತಿದ್ದೇನೆ. ನಿಯಮ ನಿಮಗೆ ಗೊತ್ತೇ ಇದೆ. ಐದು ಪುಸ್ತಕ ಶಾಲೆಗಳಿಗೆ ಹೋಗಬೇಕು, ನಾಲ್ಕರಿಂದ ಎಂಟನೇ ತರಗತಿಯ ಮಕ್ಕಳು ಓದಬೇಕು, ಚೀಟಿ ಹಾಕಬೇಕು. ಜಾಸ್ತಿ ಮತ ಬಿದ್ದ ಪುಸ್ತಕಕ್ಕೆ ನವೆಂಬರ್ 14ರಂದು ನೀವು ಪ್ರಶಸ್ತಿ ಕೊಡಬೇಕು. ದೊಡ್ಡವರು ನಡುವೆ ಬಾಯಿ ಹಾಕುವಂತಿಲ್ಲ. ಮೊದಲ ವರ್ಷ ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಫ್ಲೆಕ್ಸ್ ಮಾಡಿಸಿ ವೇದಿಕೆಯ ಹಿಂದೆ ಕಟ್ಟಿದ್ದಿರಿ. ಅದನ್ನು ಮಾಡಿಕೊಟ್ಟವನೂ ನಾನೇ. ಅದರ ಬಿಲ್ಲು ಇನ್ನೂ ಬಂದಿಲ್ಲ. ಹೋಗಲಿ, ಅದು ಬೇರೆ ಮಾತು.

ಈ ವರ್ಷ ನಡೆದದ್ದನ್ನು ಹೇಳುತ್ತೇನೆ. ಶಾಲೆಗಳಲ್ಲಿ ಮತದಾನ ಮರುದಿನ ಇತ್ತು. ಹಿಂದಿನ ಸಂಜೆ ಪ್ರಶಸ್ತಿ ಸಮಿತಿಯವರೊಬ್ಬರು ಅಂಗಡಿಗೆ ಬಂದರು. ಅಕ್ರಿಲಿಕ್ ಸ್ಮರಣಿಕೆ ಬೇಕು ಅಂದರು, ಬರೆಸಬೇಕಾದದ್ದನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ತೆರೆದು ನೋಡಿದೆ. ‘ಮಕ್ಕಳು ಮತ ಹಾಕಿ ಆರಿಸಿದ ವರ್ಷದ ಪುಸ್ತಕ’ ಅಂತ ಇತ್ತು. ಕೆಳಗೆ ಪುಸ್ತಕದ ಹೆಸರು, ಅದರ ಕೆಳಗೆ ಲೇಖಕರ ಹೆಸರು. ಎರಡೂ ತುಂಬಿದ್ದವು!

ಎಲ್ಲೋ ತಪ್ಪಿರಬೇಕು ಅಂದುಕೊಂಡು ಕೇಳಿದೆ: “ಸರ್, ಮಕ್ಕಳು ಮತ ಹಾಕೋದು ನಾಳೆ ಅಲ್ಲೇನ್ರಿ?”

“ಅದು ಅದರ ಪಾಡಿಗೆ ನಡೀತದ. ನೀ ಹೆಸರು ತಪ್ಪಿಲ್ಲದಂಗ ಕೆತ್ತು,” ಅಂದರು.

ಕೆತ್ತಿದೆ. ಮನೆ ನಡೆಯಬೇಕಲ್ಲ ಸಾಹೇಬ್ರೇ. ಆ ರಾತ್ರಿ ಕರೆಂಟ್ ಹೋಗಿ ಬಂದು ಮಾಡಿ ಒಂದು ಶೀಟ್ ಹಾಳಾಯಿತು, ಅದರ ದುಡ್ಡೂ ನನ್ನ ತಲೆಯ ಮೇಲೆಯೇ. ಬೆಳಿಗ್ಗೆ ನೋಡಿದರೆ ನನ್ನ ಮಗಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಮತ ಹಾಕಲು ಹೊರಟಿದ್ದಳು. ಆರನೇ ತರಗತಿ. ಯಾವ ಪುಸ್ತಕಕ್ಕೆ ಹಾಕುತ್ತೀ ಅಂತ ತಾಯಿ ಕೇಳಿದರೆ ಹೇಳಲಿಲ್ಲ. ಗುಪ್ತ ಮತದಾನವಂತೆ! ಅವಳಿಗೆ ನಾನು ಏನು ಹೇಳಬೇಕಿತ್ತು, ನೀವೇ ತಿಳಿಸಿ.

ಆಮೇಲೆ ಗೊತ್ತಾಯಿತು. ಅವಳ ತರಗತಿಯ ಬಹಳ ಮಕ್ಕಳು ಒಂದೇ ಪುಸ್ತಕಕ್ಕೆ ಹಾಕಿದ್ದರು. ಕಬ್ಬು ಕಡಿಯಲು ಗುಳೆ ಹೋಗುವ ಮನೆಯ ಹುಡುಗನ ಕತೆ ಅದು. ಯಾಕೆ ಹಿಡಿಸಿತು ಅಂತ ಕೇಳುವುದೇ ಬೇಡ. ನಮ್ಮ ಕಡೆಯ ತರಗತಿಗಳಲ್ಲಿ ದೀಪಾವಳಿ ಆದಮೇಲೆ ಕೆಲವು ಜಾಗ ಖಾಲಿ ಬೀಳುತ್ತವೆ. ತಂದೆ ತಾಯಿಯ ಜೊತೆ ಹೋದ ಗೆಳೆಯ ಅಲ್ಲಿ ಏನು ಮಾಡುತ್ತಾನೆ ಅಂತ ಮಕ್ಕಳಿಗೆ ಆ ಪುಸ್ತಕ ಹೇಳಿತು. ಶಾಲೆಗೆ ಬಂದದ್ದು ಒಂದೇ ಪ್ರತಿ, ಅದೂ ಮತದಾನಕ್ಕೆ ಕೆಲವೇ ದಿನ ಮೊದಲು. ಮಕ್ಕಳು ಪಾಳಿ ಹಚ್ಚಿ ಓದಿದರು. ನನ್ನ ಮಗಳ ಪಾಳಿ ಒಂದು ರಾತ್ರಿಗೆ ಬಂದಿತ್ತು.

ಗೆದ್ದದ್ದು ಯಾವುದು? ಬೇಗ ಏಳು, ಹಲ್ಲುಜ್ಜು, ಗುರುಹಿರಿಯರಿಗೆ ನಮಿಸು ಅನ್ನುವ ಪದ್ಯಗಳ ಪುಸ್ತಕ. ಬರೆದವರು ಪ್ರತಿ ವರ್ಷ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಪದ್ಯ ಕೆಟ್ಟವು ಅಂತ ನಾನು ಅನ್ನುವುದಿಲ್ಲ. ಮಕ್ಕಳು ನಿಜವಾಗಿ ಅದನ್ನೇ ಆರಿಸಿದ್ದರೆ ಪ್ರಶಸ್ತಿ ಅವರಿಗೇ ಇರಲಿ. ಆದರೆ ಎಣಿಸಿದ್ದು ಯಾರು? ಯಾವಾಗ? ನಮ್ಮ ಶಾಲೆಯಿಂದ ಹೋದ ಚೀಟಿಗಳ ಗಂಟಿಗೆ ಹಾಕಿದ್ದ ಅರಗು ನವೆಂಬರ್ 14ರಂದೂ ಹಾಗೇ ಇತ್ತು. ವೇದಿಕೆಯ ಪಕ್ಕದ ಕೋಣೆಯಲ್ಲಿ ಬ್ಯಾನರ್ ಕೋಲು ಇಡಲು ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಅದನ್ನು ಬಿಚ್ಚಿ ಎಣಿಸಿ ಸಾಹೇಬ್ರೇ.

ಎಣಿಕೆ ಅಂದರೆ ಏನು ಅಂತ ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ವಿಧಾನಸಭೆ ಚುನಾವಣೆಯ ಎಣಿಕೆ ನಡೆದ 2023ರ ಮೇ 13ರಂದು ನಿಮ್ಮ ಏಜೆಂಟರು ಬೆಳಿಗ್ಗೆಯಿಂದಲೇ ಮೇಜಿಗೊಬ್ಬರಂತೆ ಕಣ್ಣು ಮಿಟುಕಿಸದೆ ಕೂತಿದ್ದರು. ಪ್ರತಿ ಮತಗಟ್ಟೆಯ ಲೆಕ್ಕದ ಫಾರಂ 17ಸಿ ಅವರ ಕೈಯಲ್ಲಿತ್ತು. ಇಷ್ಟಾದ ಮೇಲೂ ಪ್ರತಿ ಕ್ಷೇತ್ರದಲ್ಲಿ 5 ಮತಗಟ್ಟೆಗಳಲ್ಲಿ, ಹಾಕಿದ ಮತವನ್ನು ಕಾಗದದಲ್ಲಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ನಿಮ್ಮ ಮತಕ್ಕೆ ಇಷ್ಟೆಲ್ಲ ಕಾವಲು. ಮಕ್ಕಳ ಮತಕ್ಕೆ ಒಂದು ಕತ್ತರಿಯೂ ಸಿಗಲಿಲ್ಲವೇ?

ಮಕ್ಕಳಿಗೆ ಎಣಿಸಲು ಬರುತ್ತದೆ. ಶಾಲಾ ಸಂಸತ್ತಿನ ಚುನಾವಣೆ ನಡೆಸಿ, ಬೆರಳಿಗೆ ಶಾಯಿ ಹಚ್ಚಿಕೊಂಡು, ಅವತ್ತೇ ಎಣಿಸಿ ಫಲಿತಾಂಶವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಸೋತವನು ಅತ್ತೂ ಅತ್ತು ಮಧ್ಯಾಹ್ನದ ಊಟದ ಹೊತ್ತಿಗೆ ಸುಮ್ಮನಾಗುತ್ತಾನೆ. ತಕರಾರು ಬರುವುದು ದೊಡ್ಡವರಿಂದಲೇ.

ಬೇರೆ ಕಡೆ ಇದು ನಡೆಯುತ್ತದೆ. ಬ್ರಿಟನ್‌ನಲ್ಲಿ 1980ರಲ್ಲೇ ಪೂರ್ತಿ ಮಕ್ಕಳ ಮತದಿಂದ ಕೊಡುವ ಪ್ರಶಸ್ತಿ ಶುರುವಾಯಿತು. ಫ್ರಾನ್ಸ್‌ನಲ್ಲಿ 1988ರಿಂದ ಒಂದು ಪ್ರಶಸ್ತಿ ಇದೆ. ಪಟ್ಟಿಯ ಎಲ್ಲ ಪುಸ್ತಕ ಓದಿದ ಮೇಲೆಯೇ ಅಲ್ಲಿ ಮಕ್ಕಳು ಮತ ಹಾಕುತ್ತಾರೆ. ನಮ್ಮಲ್ಲೇನು ಆಗದ ಕೆಲಸವಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಊರ ಗ್ರಂಥಾಲಯಗಳಲ್ಲಿ, ಮಕ್ಕಳನ್ನು ಓದಿಗೆ ಹಚ್ಚುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದಾಗಿನಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆ. ಐದೂ ಪುಸ್ತಕಗಳನ್ನು ಜೂನ್‌ನಲ್ಲೇ ಅಲ್ಲಿ ಇಟ್ಟರೆ ಯಾವ ಮಗುವೂ ಒಂದು ರಾತ್ರಿಯ ಪಾಳಿಗೆ ಕಾಯಬೇಕಿಲ್ಲ.

ವೇದಿಕೆ ಹತ್ತಿದಾಗಲೆಲ್ಲ ಮಕ್ಕಳ ಸಾಹಿತಿಗಳಾದ ಸಿಸು ಸಂಗಮೇಶ, ಕಂಚ್ಯಾಣಿ ಶರಣಪ್ಪ ಅವರ ಜಿಲ್ಲೆ ಇದು ಅನ್ನುತ್ತೀರಿ. ಚಪ್ಪಾಳೆಯೂ ಬೀಳುತ್ತದೆ. ಆ ಚಪ್ಪಾಳೆ ಹೊಡೆದ ಮಕ್ಕಳ ಚೀಟಿ ಪಕ್ಕದ ಕೋಣೆಯಲ್ಲಿ ಗಂಟು ಬಿಚ್ಚದೆ ಬಿದ್ದಿತ್ತು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಈಗ ನಾನು ಹೇಳಿದ್ದೇನೆ. ನನಗೆ ಮುಂದೆ ಆರ್ಡರ್ ಬರುವುದಿಲ್ಲ ಅಂತಲೂ ಗೊತ್ತು. ಹಳೆಯ ಬಿಲ್ಲೇ ಬರದವನಿಗೆ ಹೊಸ ಆರ್ಡರ್ ಯಾಕೆ, ಅಲ್ವಾ?

ನಾನು ಕೇಳುವುದು ಇಷ್ಟೇ. ಆ ಗಂಟುಗಳನ್ನು ರದ್ದಿಗೆ ಹಾಕಿಸಬೇಡಿ. ಪ್ರತಿ ಶಾಲೆಯಿಂದ ಇಬ್ಬರು ಮಕ್ಕಳನ್ನು ಕರೆಸಿ, ಅವರೆದುರೇ ಬಿಚ್ಚಿ ಮತ ಎಣಿಸಿ. ಯಾವ ಶಾಲೆಯಲ್ಲಿ ಯಾವ ಪುಸ್ತಕಕ್ಕೆ ಎಷ್ಟು ಬಿತ್ತು ಅಂತ ಬರೆದು ಎಲ್ಲ ಶಾಲೆಗೂ ಕಳಿಸಿ. ಬೇರೆ ಪುಸ್ತಕ ಗೆದ್ದಿದ್ದರೆ ಅದೇ ವೇದಿಕೆ ಹಾಕಿಸಿ ಅದಕ್ಕೇ ಪ್ರಶಸ್ತಿ ಕೊಡಿ. ಮುಂದಿನ ವರ್ಷದಿಂದ ಎಣಿಕೆ ಆಯಾ ಶಾಲೆಯಲ್ಲೇ, ಮತದಾನದ ದಿನವೇ ಆಗಲಿ. ಇದಾವುದೂ ಆಗದಿದ್ದರೆ ‘ಮಕ್ಕಳು ಮತ ಹಾಕಿ ಆರಿಸಿದ’ ಅನ್ನುವ ಸಾಲು ತೆಗೆದು ನಿಮ್ಮ ಸಮಿತಿಯ ಹೆಸರು ಹಾಕಿಕೊಳ್ಳಿ. ಮಕ್ಕಳಿಗೆ ಚೀಟಿ ಹಂಚುವ ಕೆಲಸವಾದರೂ ತಪ್ಪೀತು.

ಎಣಿಕೆ ಯಾವ ದಿನ ಅಂತ ತಿಳಿಸಿ. ಮಗಳನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ