ಪಾಯಿಂಟ್ ತೆಗೆದರೆ ‘ಮೂಲ ಸ್ವರೂಪ’ ಕೆಡುತ್ತದೆಯೇ?

ಮಾನ್ಯ ಸಂಪಾದಕರೇ,

ಐವತ್ತು ವರ್ಷ ದಾಟಿದ ವಾಹನಗಳ ವಿಂಟೇಜ್ ನೋಂದಣಿಗೆಂದು ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು. ಈ ‘ಗಣನೀಯ’ ಎಂಬ ಮಾತೇ ನಮ್ಮಂಥವರನ್ನು ಪೇಚಿಗೆ ಸಿಲುಕಿಸಿದೆ. ನನ್ನ 1972ರ ಅಂಬಾಸಿಡರ್ ಮಾರ್ಕ್ 2 ಕಾರಿನ ಡಿಸ್ಟ್ರಿಬ್ಯೂಟರಿನಿಂದ ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆಸಿ, ನಾಲ್ಕು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದೇನೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್ಚೇ ಪಾಯಿಂಟ್; ಅದು ಸುಡದಂತೆ ಕಾಯುವುದು ಕಂಡೆನ್ಸರ್; ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್.

ಶೋಕಿಗಾಗಿ ಮಾಡಿಸಿದ್ದಲ್ಲ. 1489 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕಾಗುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟಿನ ಉಬ್ಬಾದ ಕ್ಯಾಮ್‌ಗೆ ಉಜ್ಜುವ ಅದರ ಫೈಬರ್ ತುಂಡು ಸವೆದಂತೆಲ್ಲ ಸುಮಾರು 0.4 ಮಿ.ಮೀ. ಇರಬೇಕಾದ ಗ್ಯಾಪ್ ಕಿರಿದಾಗಿ, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದು, ಪಿಕಪ್ ಹೋಗಿ, ಎಂಜಿನ್ ಕಾಯತೊಡಗುತ್ತದೆ. ಎಮರಿ ಪೇಪರಿನಿಂದ ಉಜ್ಜಿ, ಗ್ಯಾಪ್ ಅಳೆಯುವ ಫೀಲರ್ ಗೇಜ್ ಇಟ್ಟು ಹತ್ತು ನಿಮಿಷದಲ್ಲಿ ಸರಿಮಾಡಿ ಕೊಡುತ್ತಿದ್ದ ಮೆಕ್ಯಾನಿಕ್‌ಗಳು ಈಗ ವಿರಳ. ನಾನು ಕೊಂಡ ಎರಡು ಹೊಸ ಕಂಡೆನ್ಸರ್‌ಗಳಂತೂ ಎಂಜಿನ್ ಬಿಸಿಯಾದ ಕೂಡಲೇ ಕೈಕೊಟ್ಟವು.

ಹೊಸ ವ್ಯವಸ್ಥೆಯಲ್ಲಿ ಉಜ್ಜುವ ಭಾಗವೇ ಇಲ್ಲ; ಶಾಫ್ಟಿಗೆ ಕೂರಿಸಿದ ಆಯಸ್ಕಾಂತದ ಉಂಗುರ ತಿರುಗಿದಾಗ ಸೆನ್ಸರ್ ಇರುವ ಮಾಡ್ಯೂಲ್ ಅದನ್ನು ಗ್ರಹಿಸಿ ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಎಲ್ಲವೂ ಹಳೆಯ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೇ ಅಡಗಿರುವುದರಿಂದ ಬಾನೆಟ್ ಎತ್ತಿದರೂ ಹೆಚ್ಚುವರಿ ವೈರೊಂದನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಮತ್ತು ಬೇಕೆಂದರೆ ಅರ್ಧ ಗಂಟೆಯಲ್ಲಿ ಪಾಯಿಂಟನ್ನು ಮರಳಿ ಕೂರಿಸಬಹುದು. ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಲ್ಲ. ಶಾಫ್ಟನ್ನು ಅಲುಗದಂತೆ ಹಿಡಿದಿಡುವ ಬುಷ್ ಸವೆದಿದ್ದರೆ ಅದನ್ನು ಮೊದಲು ಸರಿಪಡಿಸಬೇಕು. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹೋದರೆ ಕಾಯಿಲ್, ಮಾಡ್ಯೂಲ್ ಎರಡೂ ಸುಡುವ ಅಪಾಯವಿದೆ. ಬ್ಯಾಟರಿಯ ಪ್ಲಸ್ ಬಾಡಿಗೆ ಅರ್ತ್ ಆಗಿರುವ ಹಳೆಯ ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಅದನ್ನು ಗಮನಿಸದೆ ವೈರ್ ಜೋಡಿಸಿದರೆ ಮಾಡ್ಯೂಲಿನ ಕಥೆ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಮೈಸೂರಿನಲ್ಲೇ ತಯಾರಾದ ಜಾವಾ ಬೈಕುಗಳ ವಿಷಯ ಸ್ವಲ್ಪ ಬೇರೆ. ಅವುಗಳ 6 ವೋಲ್ಟಿನ ಡೈನಮೋವನ್ನೇ ಕಳಚಿ 12 ವೋಲ್ಟಿನ ಸೆಟ್ ಕೂರಿಸುವವರಿದ್ದಾರೆ. ಅದನ್ನು ಗಣನೀಯ ಬದಲಾವಣೆ ಎಂದರೆ ನಾನು ವಾದಕ್ಕಿಳಿಯಲಾರೆ. ಆದರೆ ಆರ್‌ಸಿಯಲ್ಲಿ ದಾಖಲಾಗುವ ಎಂಜಿನ್ ನಂಬರ್, ಚಾಸಿಸ್ ನಂಬರ್, ಇಂಧನ ಯಾವುದನ್ನೂ ಮುಟ್ಟದೆ ಕ್ಯಾಪಿನೊಳಗೆ ಮಾಡಿದ ಬದಲಾವಣೆಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಮೂಲ ಭಾಗವನ್ನು ಕೊರೆಯದೆ, ಕತ್ತರಿಸದೆ, ಮತ್ತೆ ಹಿಂದಿನಂತೆ ಮಾಡಬಹುದಾದ ಇಂಥ ಜೋಡಣೆಗಳು ವಿಂಟೇಜ್ ನೋಂದಣಿಗೆ ಅಡ್ಡಿಯಲ್ಲವೆಂದು, ಅಡ್ಡಿಯಾದರೆ ತಪಾಸಣೆಯ ದಿನ ಪಾಯಿಂಟ್ ಕೂರಿಸಿ ತೋರಿಸಿದರೆ ಸಾಕೇ ಎಂಬುದನ್ನು, ಸಾರಿಗೆ ಇಲಾಖೆ ಸುತ್ತೋಲೆಯ ಮೂಲಕ ಸ್ಪಷ್ಟಪಡಿಸಬೇಕೆಂದು ಕೋರುತ್ತೇನೆ.

— ಹಳೆಯ ಕಾರಿನ ಮಾಲೀಕ, ಮೈಸೂರು